ಶಾಲೆಗೆಂದು ಮಾಡಿದ ಲಿನಕ್ಸ್, ಅದರ ಹಿಂದೆ ಏಳು ವರ್ಷದ ಓಟ

ನಮ್ಮೂರಿನ ಹೈಸ್ಕೂಲಿಗೆ 2018ರಲ್ಲಿ ಒಂದು ಕಂಪನಿಯವರು ತಾವು ಬಳಸಿ ಬಿಟ್ಟ 22 ಕಂಪ್ಯೂಟರ್ ಕೊಟ್ಟರು. ಊರು ತಿಪಟೂರಿನ ಹತ್ತಿರ. ನಾನು ಅದೇ ಶಾಲೆಯಲ್ಲಿ ಓದಿದವನು, ಈಗ ಬೆಂಗಳೂರಿನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ. ಹೆಡ್ ಮೇಷ್ಟ್ರು ಫೋನ್ ಮಾಡಿ, "ನಿಂಗೆ ಇದೆಲ್ಲ ಗೊತ್ತಲ್ಲಪ್ಪ, ಒಂದು ಸಲ ಬಂದು ಏನಾದ್ರೂ ಹಾಕ್ಕೊಟ್ಟು ಹೋಗು" ಅಂದರು. ಒಂದು ಸಲ ಅಂದಿದ್ದರು. ಏಳು ವರ್ಷ ಆಯಿತು, ಇನ್ನೂ ಹಾಕಿಕೊಡುತ್ತಲೇ ಇದ್ದೇನೆ.

ಎಲ್ಲರೂ ಕೇಳುವ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ವಿಂಡೋಸ್ ಬದಲು ಹಾಕುವ ಲಿನಕ್ಸ್‌ಗಳಲ್ಲಿ ಒಂದಾದ ಉಬುಂಟು ಸುಮ್ನೆ ಸಿಗುತ್ತದೆ, ಅದನ್ನೇ ಹಾಕಿದರೆ ಸಾಲದಾ? ಒಂದು ಕಂಪ್ಯೂಟರಿಗೆ ಸಾಲುತ್ತದೆ. 22ಕ್ಕೆ ಸಾಲುವುದಿಲ್ಲ. ಆ ಕೋಣೆಯಲ್ಲಿ ಇಂಟರ್ನೆಟ್ ಅಂದರೆ ಕಂಪ್ಯೂಟರ್ ಮೇಡಂ ಅವರ ಮೊಬೈಲಿನ ಹಾಟ್‌ಸ್ಪಾಟ್, ಅಷ್ಟೇ. ಒಂದೊಂದು ಯಂತ್ರದ ಮುಂದೆ ಕೂತು ಕನ್ನಡ ಫಾಂಟು, ಕನ್ನಡ ಟೈಪಿಂಗು, ಮಕ್ಕಳ ಕಲಿಕೆಯ ತಂತ್ರಾಂಶಗಳಾದ ಜಿಕಾಂಪ್ರಿ, ಟಕ್ಸ್ ಪೇಂಟ್, ಜಿಯೋಜೆಬ್ರಾ ಎಲ್ಲ ಇಳಿಸಿ ಹಾಕುವುದಕ್ಕೆ ನನಗೆ ಮೂರು ದಿನ ಹಿಡಿಯಿತು. ಅದೂ ಮಧ್ಯೆ ಕರೆಂಟು ಹೋಗಿ ಬಂದು. ಮುಂದಿನ ಸಲ ಇದೆಲ್ಲ ಮೊದಲೇ ಇರುವ ಒಂದು ಐಎಸ್‌ಒ, ಅಂದರೆ ಪೆನ್‌ಡ್ರೈವಿಗೆ ಬರೆದು ಇನ್‌ಸ್ಟಾಲ್ ಮಾಡುವ ಕಡತ, ಮಾಡಿಕೊಂಡು ಬಂದರೆ ಮಧ್ಯಾಹ್ನದೊಳಗೆ ಮುಗಿಯುತ್ತದೆ ಅನ್ನಿಸಿತು. ಅಲ್ಲಿಗೆ ಕಥೆ ಶುರುವಾಯಿತು.

ಯಾವ ಲಿನಕ್ಸಿನ ಮೇಲೆ ನಮ್ಮದನ್ನು ಕಟ್ಟಬೇಕು, ಅಂದರೆ ತಾಯಿ ಯಾವುದು ಅನ್ನುವುದರಲ್ಲಿ ಹೆಚ್ಚು ಯೋಚನೆ ಮಾಡಲಿಲ್ಲ. 2 ಜಿಬಿ ರಾಮ್ ಇದ್ದ ಯಂತ್ರಗಳು, ಹಳೇ ತಿರುಗುವ ಹಾರ್ಡ್ ಡಿಸ್ಕು. ಗ್ನೋಮ್ ಅನ್ನುವ ಭಾರದ ಡೆಸ್ಕ್‌ಟಾಪ್ ಇದ್ದ ಮಾಮೂಲಿ ಉಬುಂಟು ಅಲ್ಲಿ ತೆವಳುತ್ತಿತ್ತು. ಹಾಗಾಗಿ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಡೆಸ್ಕ್‌ಟಾಪ್ ಇರುವ ಉಬುಂಟು, ಅಂದರೆ ಕ್ಸುಬುಂಟು 18.04 (2018ರ ನಾಲ್ಕನೇ ತಿಂಗಳಿನ ಆವೃತ್ತಿ). ಅದರ ಐಎಸ್‌ಒ ಬಿಚ್ಚಿ, ಒಳಗೆ ಇಡೀ ವ್ಯವಸ್ಥೆಯನ್ನು ಒತ್ತಿ ಇಟ್ಟಿರುವ ಸ್ಕ್ವಾಶ್‌ಎಫ್‌ಎಸ್ ಕಡತವನ್ನು ಒಂದು ಫೋಲ್ಡರಿಗೆ ಹರಡಿ, ಸಿಎಚ್‌ರೂಟ್ ಮಾಡಿ, ಅಂದರೆ ಆ ಫೋಲ್ಡರೇ ಇಡೀ ಯಂತ್ರ ಅನ್ನುವ ಹಾಗೆ ಒಳಗೆ ಹೋಗಿ, ರಾತ್ರಿ ಎರಡು ಗಂಟೆವರೆಗೆ ಕೂತು ಬೇಕಾದ್ದನ್ನೆಲ್ಲ ಕೈಯಲ್ಲೇ ಹಾಕಿದೆ. ಬೇಡದ್ದನ್ನು ಕಿತ್ತೆ. ಸೆಟ್ಟಿಂಗುಗಳನ್ನು ನೇರವಾಗಿ ಅವು ಇರುವ ಇಟಿಸಿ ಫೋಲ್ಡರಿಗೆ ಹೋಗಿ ತಿದ್ದಿದೆ. ಮತ್ತೆ ಕಟ್ಟಿದೆ. ಪೆನ್‌ಡ್ರೈವಿಗೆ ಬರೆದೆ. ಮೊದಲ ಸಲಕ್ಕೇ ಬೂಟ್ ಆಯಿತು. ಆವತ್ತು ನನ್ನಷ್ಟು ಜಾಣ ಯಾರೂ ಇಲ್ಲ ಅಂದುಕೊಂಡೆ.

ಮಾಡಿದ ತಪ್ಪು ಏನು ಅಂತ ಗೊತ್ತಾಗಲು ಮೂರು ವರ್ಷ ಬೇಕಾಯಿತು. ಏನೇನು ಮಾಡಿದೆ ಅನ್ನುವುದನ್ನು ಎಲ್ಲೂ ಬರೆದಿಡಲಿಲ್ಲ.

ಉಬುಂಟುವಿನ ಎಲ್‌ಟಿಎಸ್, ಅಂದರೆ ಹೆಚ್ಚು ಕಾಲ ಬೆಂಬಲ ಸಿಗುವ ಆವೃತ್ತಿ, ಎರಡು ವರ್ಷಕ್ಕೊಮ್ಮೆ ಏಪ್ರಿಲಿನಲ್ಲಿ ಬರುತ್ತದೆ. ಐದು ವರ್ಷದ ಬೆಂಬಲ ಅಂತ ಎಲ್ಲರಿಗೂ ಗೊತ್ತು. ಆದರೆ ಕ್ಸುಬುಂಟು, ಲುಬುಂಟು ತರಹದ ಫ್ಲೇವರುಗಳಿಗೆ (ಬೇರೆ ಡೆಸ್ಕ್‌ಟಾಪ್ ಇರುವ ಉಬುಂಟುಗಳಿಗೆ) ಮೂರೇ ವರ್ಷ. ಅಂದರೆ ನಮ್ಮ 18.04ರ ತಾಯಿ 2021ರ ಏಪ್ರಿಲಿಗೆ ಕೈ ಬಿಡುತ್ತಾಳೆ. ಕೋವಿಡ್ ಕಾಲ, ಶಾಲೆಗೆ ಬೀಗ, ಯಾರಿಗೂ ಅದು ತಲೆಯಲ್ಲಿರಲಿಲ್ಲ. 2021ರ ಜನವರಿ 1ಕ್ಕೆ ಎಸ್ಸೆಸ್ಸೆಲ್ಸಿ ತರಗತಿಗಳು ಮತ್ತೆ ತೆರೆದವು. ಮೇಡಂ ಫೋನ್ ಮಾಡಿ ಯಂತ್ರಗಳ ಮೇಲೆ ಇಲಿ ಪಿಚಿಕೆ ಬಿದ್ದಿದೆ, ಎರಡು ಆನ್ ಆಗ್ತಿಲ್ಲ, ಬಾ ಅಂದರು. ಹೋಗುವುದು ಹೇಗೂ ಹೋಗಬೇಕು, 20.04ಕ್ಕೇ ಏರಿಸಿಬಿಡೋಣ ಅಂತ ಕೂತೆ.

ಹೊಸ ಐಎಸ್‌ಒ ಇಳಿಸಿದೆ. ಬಿಚ್ಚಿದೆ. ಒಳಗೆ ಹೋದೆ. ಅಲ್ಲಿಗೆ ನಿಂತೆ. ಈಗ ಏನು ಮಾಡಬೇಕು? ಹಳೆಯದರಲ್ಲಿ ಏನು ಮಾಡಿದ್ದೆ ಅನ್ನುವುದೇ ನೆನಪಿಲ್ಲ. ಪ್ಯಾಕೇಜುಗಳ, ಅಂದರೆ ಹಾಕಿದ ತಂತ್ರಾಂಶಗಳ ಕಟ್ಟುಗಳ, ಪಟ್ಟಿ ಹೇಗೋ ಸಿಕ್ಕಿತು, ಐಎಸ್‌ಒ ಒಳಗೆ ಮ್ಯಾನಿಫೆಸ್ಟ್ ಅಂತ ಒಂದು ಕಡತ ಇರುತ್ತದೆ, ಅದರಲ್ಲಿ ಪ್ರತಿ ಪ್ಯಾಕೇಜಿನ ಹೆಸರು ಮತ್ತು ಆವೃತ್ತಿ ಇರುತ್ತದೆ. ತಾಯಿಯ ಮ್ಯಾನಿಫೆಸ್ಟನ್ನೂ ನಮ್ಮದನ್ನೂ ಪಕ್ಕ ಪಕ್ಕ ಇಟ್ಟು ಡಿಫ್ ಮಾಡಿ ಹೋಲಿಸಿದರೆ 214 ವ್ಯತ್ಯಾಸ. ಸೆಟ್ಟಿಂಗುಗಳಿಗೆ ಡೆಬ್‌ಸಮ್ಸ್ ಅನ್ನುವ ಉಪಕರಣ ಕೈ ಹಿಡಿಯಿತು. ಪ್ಯಾಕೇಜು ತಂದ ಮೂಲ ಸೆಟ್ಟಿಂಗ್ ಕಡತಗಳಲ್ಲಿ ಯಾವುದನ್ನು ಯಾರೋ ತಿದ್ದಿದ್ದಾರೆ ಅಂತ ಅದು ಪಟ್ಟಿ ಕೊಡುತ್ತದೆ. ಯಾರೋ ಅಂದರೆ ನಾನೇ. 61 ಕಡತ ಬಂದವು. ಅರ್ಧಕ್ಕರ್ಧ ಯಾಕೆ ತಿದ್ದಿದೆ ಅಂತ ಗೊತ್ತಿಲ್ಲ. ಒಂದು ಕಡತದಲ್ಲಿ ನಾನೇ ಬರೆದ ಟಿಪ್ಪಣಿ ಇತ್ತು: "ಇದನ್ನು ತೆಗೆಯಬೇಡ". ಅಷ್ಟೇ. ಯಾಕೆ ತೆಗೆಯಬಾರದು ಮಹಾರಾಯ?

ಅದರ ಮೇಲೆ ತಾಯಿಯೂ ಬದಲಾಗಿದ್ದಳು. 22ರಲ್ಲಿ 7 ಯಂತ್ರಗಳು 32 ಬಿಟ್‌ನವು, ಅಂದರೆ ಹಳೇ ಬಗೆಯ ಪ್ರೊಸೆಸರಿನವು. ಕ್ಸುಬುಂಟು 32 ಬಿಟ್ ಐಎಸ್‌ಒ ಕೊಟ್ಟ ಕೊನೆಯ ಎಲ್‌ಟಿಎಸ್ 18.04. 20.04ಕ್ಕೆ ಅಂಥದ್ದೊಂದು ಇಲ್ಲವೇ ಇಲ್ಲ. ಇನ್ನೊಂದು, ಪೈಥಾನ್ ಅನ್ನುವ ಪ್ರೋಗ್ರಾಂ ಭಾಷೆಯ ಹಳೇ ಆವೃತ್ತಿ ಪೈಥಾನ್ 2. ಹಳೇ ಪ್ರಶ್ನೆಪತ್ರಿಕೆಗಳೆಲ್ಲ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿದ್ದವು, ಯುನಿಕೋಡ್ ಅಲ್ಲ. ಅವನ್ನು ಯುನಿಕೋಡಿಗೆ ತಿರುಗಿಸಲು ನಾನು ಒಂದು ಸಣ್ಣ ಸ್ಕ್ರಿಪ್ಟ್ ಬರೆದು ಮೇಷ್ಟ್ರುಗಳ ಡೆಸ್ಕ್‌ಟಾಪಿನಲ್ಲಿ ಐಕಾನ್ ಇಟ್ಟಿದ್ದೆ. ಅದು ಪೈಥಾನ್ 2. 20.04ರಲ್ಲಿ ಸುಮ್ಮನೆ 'ಪೈಥಾನ್' ಅನ್ನುವ ಆಜ್ಞೆಯೇ ಇರಲಿಲ್ಲ, ಪೈಥಾನ್ 3 ಮಾತ್ರ. ಐಕಾನ್ ಒತ್ತಿದರೆ ಏನೂ ಆಗುವುದಿಲ್ಲ. ಬೈಟು (ಕಚ್ಚಾ ದತ್ತಾಂಶ) ಮತ್ತು ಸ್ಟ್ರಿಂಗು (ಪಠ್ಯ) ಪೈಥಾನ್ 3ರಲ್ಲಿ ಬೇರೆ ಬೇರೆ ಆದ್ದರಿಂದ, ಎನ್‌ಕೋಡಿಂಗಿನದೇ ಕೆಲಸ ಮಾಡುವ ಆ ಸ್ಕ್ರಿಪ್ಟನ್ನು ಪೂರ್ತಿ ಹೊಸದಾಗಿ ಬರೆಯಬೇಕಾಯಿತು.

ಆ 7 ಯಂತ್ರಗಳಿಗೆ ಉಬುಂಟುವಿಗೆ ಮೂಲವಾದ ಡೆಬಿಯನ್ ಲಿನಕ್ಸ್ ಹಾಕಿದೆ. ಅವು ಇವತ್ತಿಗೂ ಓಡುತ್ತಿವೆ, ಡೆಬಿಯನ್ 12ರಲ್ಲಿ. 2025ರ ಆಗಸ್ಟಿನಲ್ಲಿ ಬಂದ 13ರಲ್ಲಿ ಅಲ್ಲಿಯೂ 32 ಬಿಟ್‌ಗೆ ಇನ್‌ಸ್ಟಾಲರ್ ನಿಂತಿತು. ಅವುಗಳ ಕಥೆ ಅಲ್ಲಿಗೆ ಮುಗಿಯುವುದೇ.

ಉಳಿದ 15ಕ್ಕೆ ದಾರಿ ಬದಲಿಸಿದೆ. ಸಿಎಚ್‌ರೂಟ್ ಒಳಗೆ ಕೈಯಾಡಿಸುವುದು ಬಂದ್. ನಮ್ಮದು ಅನ್ನುವುದೆಲ್ಲ ಎರಡೇ ಡೆಬ್ (ಉಬುಂಟು, ಡೆಬಿಯನ್ ಬಳಸುವ ರೂಪದ) ಪ್ಯಾಕೇಜಿನಲ್ಲಿ ಇರಬೇಕು ಅಂತ ತೀರ್ಮಾನ ಮಾಡಿದೆ. ಒಂದು ಮೆಟಾಪ್ಯಾಕೇಜ್. ಅದರಲ್ಲಿ ಕಡತವೇ ಇರುವುದಿಲ್ಲ, ಯಾವ ಯಾವ ಪ್ಯಾಕೇಜು ಬೇಕು ಅನ್ನುವ ಪಟ್ಟಿ ಮಾತ್ರ. ಇನ್ನೊಂದು ಸೆಟ್ಟಿಂಗುಗಳದ್ದು. ತಾಯಿಯ ಸೆಟ್ಟಿಂಗ್ ಕಡತವನ್ನು ಮುಟ್ಟಲೇಬಾರದು. ಕ್ಸುಬುಂಟು ತನ್ನ ಡೆಸ್ಕ್‌ಟಾಪ್ ಸೆಟ್ಟಿಂಗುಗಳನ್ನು ಇಟಿಸಿ ಒಳಗಿನ ಎಕ್ಸ್‌ಡಿಜಿ ಫೋಲ್ಡರಿನಲ್ಲಿ ತನ್ನದೇ ಆದ ಒಂದು ಕೋಣೆ ಮಾಡಿ ಇಟ್ಟುಕೊಳ್ಳುತ್ತದೆ. ನಾವೂ ಪಕ್ಕದಲ್ಲೇ ಒಂದು ಕೋಣೆ ಮಾಡಿಕೊಂಡು, ಹುಡುಕುವ ಸಾಲಿನಲ್ಲಿ ನಮ್ಮದನ್ನು ಮುಂದೆ ನಿಲ್ಲಿಸಿದರೆ ಸಾಕು. ನಮ್ಮಲ್ಲಿ ಇದ್ದರೆ ನಮ್ಮದು, ಇಲ್ಲದಿದ್ದರೆ ತಾಯಿಯದು. ತಾಯಿ ನಾಳೆ ತನ್ನ ಕಡತ ಬದಲಿಸಿದರೂ ಜಗಳ ಇಲ್ಲ.

ಮೆಟಾಪ್ಯಾಕೇಜಿನಲ್ಲಿ ಒಂದು ಸೂಕ್ಷ್ಮ ಇದೆ, ಇದನ್ನು ಯಾರೂ ನನಗೆ ಹೇಳಿಕೊಡಲಿಲ್ಲ. ಬೇಕಾದ ಪ್ಯಾಕೇಜನ್ನು 'ಡಿಪೆಂಡ್ಸ್' (ಇರಲೇಬೇಕು) ಅಂತ ಬರೆಯಬಹುದು, 'ರೆಕಮೆಂಡ್ಸ್' (ಸಿಕ್ಕರೆ ಹಾಕು) ಅಂತಲೂ ಬರೆಯಬಹುದು. ಮೊದಲು ಎಲ್ಲವನ್ನೂ ಡಿಪೆಂಡ್ಸ್ ಅಂತ ಬರೆದೆ. ಮುಂದಿನ ಆವೃತ್ತಿಯಲ್ಲಿ ಅದರಲ್ಲಿ ಒಂದೇ ಒಂದು ಪ್ಯಾಕೇಜು, ಉಬುಂಟು ಅವನ್ನೆಲ್ಲ ಇಡುವ ಭಂಡಾರದಿಂದ ಕಾಣೆಯಾದರೂ ನಮ್ಮ ಇಡೀ ಮೆಟಾಪ್ಯಾಕೇಜ್ ಇನ್‌ಸ್ಟಾಲ್ ಆಗುವುದಿಲ್ಲ. ಹಾಗೆಯೇ ಆಯಿತು, ಆಟದ ಒಂದು ಸಣ್ಣ ಪ್ಯಾಕೇಜಿನಿಂದಾಗಿ. ಸಿಟ್ಟಿಗೆ ಎಲ್ಲವನ್ನೂ ರೆಕಮೆಂಡ್ಸ್ ಮಾಡಿದೆ. ಆಗ ಉಲ್ಟಾ ತೊಂದರೆ. ಕಾಣೆಯಾದ ಪ್ಯಾಕೇಜನ್ನು ಅದು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ, ಎಲ್ಲ ಸರಿಯಾಗಿದೆ ಅಂತ ನಾವು ಅಂದುಕೊಂಡಿರುತ್ತೇವೆ, ಶಾಲೆಗೆ ಹೋದಾಗ ಮಕ್ಕಳು ಕೇಳುತ್ತಾರೆ: "ಸಾರ್, ಟಕ್ಸ್ ಮ್ಯಾತ್ ಎಲ್ಲಿ?" ಈಗ ಕನ್ನಡ ಟೈಪಿಂಗ್, ಫಾಂಟು, ಲಿಬ್ರೆಆಫೀಸ್ ಡಿಪೆಂಡ್ಸ್. ಉಳಿದದ್ದು ರೆಕಮೆಂಡ್ಸ್. ಕಟ್ಟಿದ ಮೇಲೆ ಪಟ್ಟಿಯಲ್ಲಿದ್ದು ಐಎಸ್‌ಒದಲ್ಲಿ ಇಲ್ಲದ್ದನ್ನು ಕೂಗಿ ಹೇಳುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಒಂದಿದೆ.

ಜೊತೆಗೆ 'ಯಾಕೆ' ಅನ್ನುವ ಹೆಸರಿನ ಒಂದು ಪಠ್ಯ ಕಡತ. ತಾಯಿಗಿಂತ ನಾವು ಬೇರೆ ಮಾಡಿದ ಪ್ರತಿಯೊಂದಕ್ಕೂ ಒಂದು ಸಾಲು. ಏನು, ಯಾಕೆ, ಯಾರು ಕೇಳಿದರು, ಯಾವತ್ತು. ಕಾರಣ ಬರೆಯಲು ಬರದಿದ್ದರೆ ಆ ಬದಲಾವಣೆ ತೆಗೆದುಹಾಕುವುದು. ಆ 61 ಕಡತಗಳಲ್ಲಿ 40 ಹೀಗೇ ಹೋದವು. ಯಾರೂ ಗಮನಿಸಲೇ ಇಲ್ಲ! ಬಣ್ಣ ಬಣ್ಣದ ಥೀಮು, ನಾನು ಇಷ್ಟಪಟ್ಟು ಜೋಡಿಸಿದ ಪ್ಯಾನೆಲ್, ಬೂಟ್ ಆಗುವಾಗ ಬರುವ ಶಾಲೆಯ ಲಾಂಛನ ಎಲ್ಲ ಅದರಲ್ಲಿ ಹೋದವು. ಲಾಂಛನಕ್ಕೆ ಮಾತ್ರ ಹೆಡ್ ಮೇಷ್ಟ್ರು ಸ್ವಲ್ಪ ಬೇಜಾರು ಮಾಡಿಕೊಂಡರು. ಅದನ್ನು ವಾಲ್‌ಪೇಪರ್ ಮಾಡಿಕೊಟ್ಟೆ.

22.04 ಬಂತು. ಈ ಸಲ ತಯಾರಾಗಿದ್ದೇನೆ ಅಂದುಕೊಂಡೆ. ಪ್ಯಾಕೇಜುಗಳು ಚೆನ್ನಾಗಿಯೇ ಕೂತವು. ಐಎಸ್‌ಒ ಕಟ್ಟುವ ಕೊನೆಯ ಸಾಲಿನಲ್ಲಿ ಬಿದ್ದೆ. ಬೂಟ್ ಶುರು ಮಾಡುವ ಐಸೊಲಿನಕ್ಸ್ ಅನ್ನುವುದರ ಫೋಲ್ಡರ್ ಸಿಗುತ್ತಿಲ್ಲ ಅಂತ ದೂರು. 20.10ರಿಂದಲೇ ಹಳೇ ಬಯೋಸ್ ಬೂಟಿಗೂ ಐಸೊಲಿನಕ್ಸ್ ಬಿಟ್ಟು ಗ್ರಬ್ ಅನ್ನುವ ಇನ್ನೊಂದನ್ನು ಬಳಸಲು ಶುರು ಮಾಡಿದ್ದರು. ಎಲ್‌ಟಿಎಸ್‌ನಿಂದ ಎಲ್‌ಟಿಎಸ್‌ಗೆ ಹಾರುವ ನನ್ನಂಥವನಿಗೆ ಮಧ್ಯದ ಮೂರು ಆವೃತ್ತಿಗಳಲ್ಲಿ ಏನಾಯಿತು ಅಂತ ಹೇಗೆ ಗೊತ್ತಾಗಬೇಕು? ಗೊತ್ತು ಮಾಡಿಕೊಳ್ಳಬೇಕಿತ್ತು, ಸರಿ. ಬೂಟ್ ಆಗದ ಪೆನ್‌ಡ್ರೈವ್ ಇಟ್ಟುಕೊಂಡು ಎರಡು ಭಾನುವಾರ ಕಳೆದೆ. ಆಮೇಲೆ ತಿಳಿದದ್ದು, ಕ್ಸೊರಿಸೋ ಉಪಕರಣಕ್ಕೆ ತಾಯಿಯ ಐಎಸ್‌ಒ ತೋರಿಸಿ 'ಇದನ್ನು ಕಟ್ಟಿದ್ದು ಹೇಗೆ' ಅಂತ ಕೇಳಿದರೆ ಬೂಟಿಗೆ ಬೇಕಾದ ಆಯ್ಕೆಗಳನ್ನೆಲ್ಲ ಸಾಲಾಗಿ ಬರೆದು ಕೊಡುತ್ತದೆ. ಈಗ ನನ್ನ ಸ್ಕ್ರಿಪ್ಟ್ ಪ್ರತಿ ಸಲ ತಾಯಿಯನ್ನೇ ಕೇಳಿ ಹಾಗೇ ಕಟ್ಟುತ್ತದೆ. ಆ ಸಾಲುಗಳನ್ನು ನಾನು ಬರೆದಿಟ್ಟುಕೊಳ್ಳುವುದೇ ಇಲ್ಲ.

ಇನ್ನೊಂದು ಫೈರ್‌ಫಾಕ್ಸ್. 22.04ರಲ್ಲಿ ಅದು ಸ್ನ್ಯಾಪ್ ಅನ್ನುವ ಬೇರೆ ಬಗೆಯ ಪ್ಯಾಕೇಜು ಆಯಿತು, ಡೆಬ್‌ಗಳನ್ನು ಇಳಿಸಿ ಹಾಕುವ ಎಪಿಟಿಯಲ್ಲಿ ಇರುವ ಫೈರ್‌ಫಾಕ್ಸ್ ಹೆಸರಿನ ಪ್ಯಾಕೇಜು ಸ್ನ್ಯಾಪ್ ಕಡೆಗೆ ಕೈ ತೋರಿಸುವ ಬರೀ ಫಲಕ. ಸ್ನ್ಯಾಪ್ ಒಳ್ಳೆಯದೋ ಕೆಟ್ಟದ್ದೋ ಅನ್ನುವ ಜಗಳ ನನಗೆ ಬೇಡ. ನಮ್ಮ ತೊಂದರೆ ಬೇರೆ. ಮೇಡಂ ಅವರ ಯಂತ್ರದಲ್ಲಿ ಎಪಿಟಿ ಕ್ಯಾಚರ್ ಎನ್‌ಜಿ ಅಂತ ಒಂದಿದೆ. ಒಂದು ಡೆಬ್ ಕಡತವನ್ನು ಒಂದೇ ಸಲ ಹಾಟ್‌ಸ್ಪಾಟಿನಿಂದ ಇಳಿಸಿಕೊಂಡು ಉಳಿದ ಯಂತ್ರಗಳಿಗೆ ಅಲ್ಲಿಂದಲೇ ಹಂಚುತ್ತದೆ. ಸ್ನ್ಯಾಪ್ ಆ ದಾರಿಯಲ್ಲಿ ಬರುವುದಿಲ್ಲ. ಒಂದೊಂದು ಯಂತ್ರವೂ ತಾನೇ ಹೋಗಿ ಇಳಿಸುತ್ತದೆ, ಇನ್ನೂರು ಎಂಬಿಗೂ ಜಾಸ್ತಿ. ಒಂದು ದಿನ ಬೆಳಗ್ಗೆ ಹತ್ತು ಗಂಟೆಗೇ ಮೇಡಂ ಫೋನ್. "ನನ್ನ ಒಂದೂವರೆ ಜಿಬಿ ಖಾಲಿಯಾಗಿದೆ ಕಣಪ್ಪ, ವಾಟ್ಸಾಪ್ ಕೂಡ ಬರ್ತಿಲ್ಲ. ನಿನ್ನ ಕಂಪ್ಯೂಟರ್‌ಗಳು ಏನು ತಿಂದವು?"

ಹಾಗಾಗಿ ಫೈರ್‌ಫಾಕ್ಸನ್ನು ಡೆಬ್ ರೂಪದಲ್ಲೇ ಕೊಡುವ ಪಿಪಿಎಗೆ (ಉಬುಂಟುವಿನ ಮುಖ್ಯ ಭಂಡಾರದ ಹೊರಗಿನ ಭಂಡಾರಕ್ಕೆ) ಹೋದೆ. ಎಪಿಟಿಗೆ 'ಇಲ್ಲಿಂದಲೇ ತಗೋ' ಅನ್ನುವ ಪಿನ್ ಹಾಕಿದೆ. ಮುಗಿಯಿತು ಅಂದುಕೊಂಡರೆ, ತಾನಾಗಿ ಅಪ್‌ಡೇಟ್ ಮಾಡುವ ವ್ಯವಸ್ಥೆ ಆ ಪಿಪಿಎಯನ್ನು ಒಪ್ಪಿದ ಮೂಲಗಳ ಪಟ್ಟಿಯಲ್ಲಿ ಸೇರಿಸದಿದ್ದರೆ ರಾತ್ರೋರಾತ್ರಿ ಮತ್ತೆ ಸ್ನ್ಯಾಪಿಗೇ ತಿರುಗಿಸುತ್ತದೆ. ನಾನು ಸೇರಿಸಿರಲಿಲ್ಲ. ಮೇಡಂ ಅವರ ಡೇಟಾ ಇನ್ನೊಂದು ಸಲ ಹೋಯಿತು. 2024ರ ಜನವರಿಯಲ್ಲಿ ಮೊಜಿಲಾದವರೇ ತಮ್ಮ ಎಪಿಟಿ ಭಂಡಾರ ಘೋಷಿಸಿದ ಮೇಲೆ ಪಿಪಿಎ ಬಿಟ್ಟು ಅಲ್ಲಿಗೆ ಬಂದೆವು. 'ಯಾಕೆ' ಕಡತದಲ್ಲಿ ಈ ಸಾಲಿನ ಕಾರಣ: ಮೇಡಂ ಡೇಟಾ ಪ್ಯಾಕ್.

ಈಗ ನನ್ನ ಅತಿ ಬುದ್ಧಿವಂತಿಕೆಯ ಕಥೆ. ವ್ಯತ್ಯಾಸ ಕಮ್ಮಿ ಮಾಡುವ ಹುರುಪಿನಲ್ಲಿ ಇದ್ದೆನಲ್ಲ, 22.04ಕ್ಕೆ ಏರುವಾಗ ಕನ್ನಡ ಟೈಪಿಂಗಿಗೂ ಕೈ ಹಾಕಿದೆ. ಅದುವರೆಗೆ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ಮತ್ತು ಎಂ17ಎನ್ ಹಾಕಿ ಅದರಲ್ಲಿರುವ ಕೆಜಿಪಿ (ಕನ್ನಡ ಗಣಕ ಪರಿಷತ್ತು, ಅಂದರೆ ಕಗಪ) ಕೀಲಿ ವಿನ್ಯಾಸ ಕೊಟ್ಟಿದ್ದೆ. ನುಡಿಯಲ್ಲಿ ಕಲಿತವರ ಕೈಗೆ ಅದು ಸರಿ ಹೊಂದುತ್ತದೆ. ಆದರೆ ಅದಕ್ಕಾಗಿ ಐದಾರು ಹೆಚ್ಚಿನ ಪ್ಯಾಕೇಜು, ಲಾಗಿನ್ ಆದ ಕೂಡಲೇ ಐಬಸ್ ಏಳುವಂತೆ ಸೆಟ್ಟಿಂಗು, ಪ್ರತಿ ಎಲ್‌ಟಿಎಸ್‌ನಲ್ಲೂ ಏನಾದರೊಂದು ಕಿರಿಕಿರಿ. ಎಕ್ಸ್‌ಎಫ್‌ಸಿಇಯ ಕೀಬೋರ್ಡ್ ಪಟ್ಟಿಯಲ್ಲಿ ನೋಡಿದರೆ ಕನ್ನಡ, ಕಗಪ ಅಂತ ಒಂದು ಆಯ್ಕೆ ಮೊದಲೇ ಇದೆ! ತಾಯಿಯಲ್ಲೇ ಇರುವಾಗ ನಾವೇಕೆ ಹೊರಬೇಕು ಅಂತ ಐಬಸ್ ಕಿತ್ತು ಅದನ್ನು ಇಟ್ಟೆ. 'ಕನ್ನಡ' ಅಂತ ಟೈಪ್ ಮಾಡಿ ನೋಡಿದೆ, ಬಂತು. ಹಾಕಿಕೊಟ್ಟು ಬಂದೆ.

ಸೋಮವಾರ ಕನ್ನಡ ಮೇಷ್ಟ್ರ ಫೋನ್. "ಅಲ್ಲ ಮಾರಾಯ, ಇ ಬರೋದೇ ಇಲ್ವಲ್ಲೋ. ಇಲಿ ಅಂತ ಬರೆದ್ರೆ ಬರೀ ಗುಡಿಸು ಬರುತ್ತೆ, ಕೆಳಗೆ ಚುಕ್ಕಿ ಚುಕ್ಕಿ ಸೊನ್ನೆ." ಕೇಳಿದ ಕೂಡಲೇ ಎಲ್ಲಿ ಎಡವಿದೆ ಅಂತ ಹೊಳೆಯಿತು. ನಾನು ಆ ಪಟ್ಟಿಯಿಂದ ಆರಿಸಿದ್ದು ಎಕ್ಸ್‌ಕೆಬಿ ವಿನ್ಯಾಸ, ಅದರಲ್ಲಿ ಒಂದು ಕೀಲಿಗೆ ಒಂದು ಅಕ್ಷರ. ಹಿಂದೆ ಏನು ಟೈಪ್ ಆಗಿದೆ ಅಂತ ಅದು ನೋಡುವುದಿಲ್ಲ. ಇಂಗ್ಲಿಷಿನ ಐ ಕೀಲಿ ಒತ್ತಿದರೆ ಯಾವಾಗಲೂ ಗುಡಿಸೇ. ಸ್ವತಂತ್ರವಾದ ಇ ಬೇಕಾದರೆ ಬಲಗಡೆಯ ಆಲ್ಟ್ ಹಿಡಿದು ಒತ್ತಬೇಕು. ನುಡಿಯಲ್ಲಿ, ಎಂ17ಎನ್‌ನ ಕೆಜಿಪಿಯಲ್ಲಿ, ವ್ಯಂಜನ ಆದ ಮೇಲೆ ಒತ್ತಿದರೆ ಗುಡಿಸು, ಪದದ ಶುರುವಿನಲ್ಲಿ ಒತ್ತಿದರೆ ಇ, ಅದೇ ತಿಳಿದುಕೊಳ್ಳುತ್ತದೆ. 'ಕನ್ನಡ' ಅನ್ನುವ ಪದಕ್ಕೆ ಸ್ವರದ ಕೀಲಿಯೇ ಬೇಕಾಗುವುದಿಲ್ಲವಲ್ಲ, ನನ್ನ ಪರೀಕ್ಷೆಯಲ್ಲಿ ಸಿಕ್ಕಿಬೀಳಲಿಲ್ಲ. ಎಷ್ಟೋ ವರ್ಷದ ಅಭ್ಯಾಸ ಇರುವ ಕೈಗೆ ಆಲ್ಟ್ ಹಿಡಿಯಿರಿ ಅನ್ನುವುದು ನನ್ನಿಂದ ಆಗಲಿಲ್ಲ. ಅದೇ ಶನಿವಾರ ಬಸ್ಸು ಹತ್ತಿದೆ. ಐಬಸ್ ವಾಪಸ್ ಬಂತು. ಈಗ 'ಯಾಕೆ' ಕಡತದ ಮೊದಲ ಸಾಲು ಅದೇ, ಪರೀಕ್ಷೆಗೆ ಟೈಪ್ ಮಾಡುವ ವಾಕ್ಯ 'ಇಲಿ ಊಟ ಮಾಡಿ ಓಡಿತು'.

ಆದರೆ ಅದೇ ಹುರುಪು ಇನ್ನೊಂದು ಕಡೆ ಚೆನ್ನಾಗಿ ಕೆಲಸ ಮಾಡಿತು. ಎಡುಬುಂಟು ಅಂತ ಶಾಲೆಗಳಿಗೆಂದೇ ಒಂದು ಫ್ಲೇವರ್ ಇತ್ತು, 2005ರಲ್ಲಿ ಶುರುವಾಗಿ 14.04ರ ನಂತರ ನಿಂತುಹೋಗಿತ್ತು. 23.04ರಲ್ಲಿ ಅದು ಮತ್ತೆ ಎದ್ದು ಬಂತು. ಅದನ್ನೇ ಹಾಕಿಬಿಡೋಣ ಅನ್ನುವ ಆಸೆ ಬಹಳ ಇತ್ತು, ಆದರೆ ಅದು ಗ್ನೋಮ್, ನಮ್ಮ ಯಂತ್ರಗಳಿಗೆ ಭಾರ. ಪಕ್ಕದ ಕೇರಳದಲ್ಲಿ ಕೈಟ್ ಅನ್ನುವ ಸರ್ಕಾರಿ ಸಂಸ್ಥೆಯೇ ಶಾಲೆಗಳಿಗೆ ಉಬುಂಟು ಮೇಲೆ ಕಟ್ಟಿದ ತನ್ನ ಲಿನಕ್ಸ್ ಕೊಡುತ್ತದೆ. ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ, ನಿಜ ಹೇಳುತ್ತೇನೆ. ಅದು ಅವರ ಪಠ್ಯ, ಅವರ ಭಾಷೆಗೆ ಹೊಂದಿಸಿದ್ದು, ನಮಗೆ ಹಾಗೇ ಆಗುವುದಿಲ್ಲ. ಆದರೆ ಎಡುಬುಂಟುವಿನವರು ಪ್ರಾಥಮಿಕ, ಪ್ರೌಢ ಅಂತ ಮಟ್ಟ ಮಾಡಿ ಮೆಟಾಪ್ಯಾಕೇಜುಗಳನ್ನು ಉಬುಂಟು ಭಂಡಾರದಲ್ಲೇ ಇಟ್ಟಿದ್ದಾರೆ. ನಾನು ಒಂದೊಂದಾಗಿ ಬರೆದಿದ್ದ ಉದ್ದನೆಯ ಪಟ್ಟಿ ಹರಿದು ಅವೆರಡರ ಹೆಸರು ಬರೆದೆ. ಯಾವ ಆಟ ಹೋಯಿತು, ಯಾವುದರ ಹೆಸರು ಬದಲಾಯಿತು ಅನ್ನುವ ತಲೆನೋವು ಈಗ ಅವರದ್ದು.

24.04 ಬಗ್ಗೆ ಬರೆಯಲು ಕೂತರೆ ರಾತ್ರಿಯಾಗುತ್ತದೆ. ಬೀಟಾ, ಅಂದರೆ ಪರೀಕ್ಷೆಗೆಂದು ಬಿಡುವ ಆವೃತ್ತಿ, 2024ರ ಏಪ್ರಿಲ್ 4ಕ್ಕೆ ಬರಬೇಕಿತ್ತು. ಅದಕ್ಕೆ ವಾರ ಮುಂಚೆ, ಮಾರ್ಚ್ 29ಕ್ಕೆ, ಕಡತ ಒತ್ತಿ ಚಿಕ್ಕದು ಮಾಡುವ ಎಕ್ಸ್‌ಜೆಡ್ ಲೈಬ್ರರಿಯಲ್ಲಿ (ಬೇರೆ ಪ್ರೋಗ್ರಾಮುಗಳು ಬಳಸುವ ಕೋಡಿನ ಕಟ್ಟಿನಲ್ಲಿ) ಯಾರೋ ಹಿಂಬಾಗಿಲು ಇಟ್ಟಿದ್ದಾರೆ ಅಂತ ಆಂಡ್ರೆಸ್ ಫ್ರೊಯಿಂಡ್ ಅನ್ನುವ ಎಂಜಿನಿಯರ್ ಬಯಲು ಮಾಡಿದರು, ದೂರದ ಯಂತ್ರಕ್ಕೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ನಿಧಾನ ಆದದ್ದನ್ನು ಗಮನಿಸಿ. ಉಬುಂಟುವಿನವರು ಆ ಹಿಂಬಾಗಿಲು ಸೇರಿದ ಮೇಲೆ ಕಟ್ಟಿದ್ದ ಪ್ಯಾಕೇಜುಗಳನ್ನೆಲ್ಲ ಮತ್ತೆ ಕಟ್ಟಿ ಬೀಟಾವನ್ನು ಒಂದು ವಾರ ಮುಂದೆ ಹಾಕಿದರು. ನಾನು ಯುಗಾದಿ ರಜೆಗೆ ಊರಿಗೆ ಹೋಗಿ ಬೀಟಾ ಹಾಕಿ ನೋಡೋಣ ಅಂತಿದ್ದೆ. ಒಬ್ಬಟ್ಟು ತಿಂದು ವಾಪಸ್ ಬಂದೆ.

ಕೊನೆಗೆ ಕೈಗೆ ಬಂದಾಗ ಮೊದಲ ಏಟು ಸದ್ದೇ ಇಲ್ಲದ್ದು. ಹತ್ತಿರದ ಮಿರರ್ (ಭಂಡಾರದ ನಕಲು) ಬಳಸುವಂತೆ ಸೋರ್ಸಸ್ ಲಿಸ್ಟ್ ಕಡತ ತಿದ್ದುವ ಒಂದು ಸಾಲು ನನ್ನ ಸ್ಕ್ರಿಪ್ಟಿನಲ್ಲಿ 2018ರಿಂದ ಇತ್ತು. ಓಡಿತು, ತಪ್ಪು ಅಂತ ಹೇಳಲಿಲ್ಲ, ಏನೂ ಬದಲಾಗಲಿಲ್ಲ. 24.04ರಲ್ಲಿ ಆ ಕಡತದಲ್ಲಿ 'ಮೂಲಗಳು ಬೇರೆ ಕಡೆ ಹೋಗಿವೆ' ಅನ್ನುವ ಟಿಪ್ಪಣಿ ಮಾತ್ರ. ಒಳಗೆ ಬಾಡಿಗೆದಾರ ಬಿಟ್ಟು ಹೋದ ಮನೆಗೆ ಪತ್ರ ಹಾಕಿದ ಹಾಗೆ.

ಎರಡನೆಯದು ಟಿ64. 32 ಬಿಟ್ ವ್ಯವಸ್ಥೆಗಳಲ್ಲಿ ಸಮಯ ಎಣಿಸುವ ಲೆಕ್ಕ 2038ಕ್ಕೆ ತುಂಬಿ ಹೋಗುತ್ತದೆ. ಅದನ್ನು ಸರಿಪಡಿಸಲು ಡೆಬಿಯನ್, ಉಬುಂಟು ಎರಡೂ ನೂರಾರು ಲೈಬ್ರರಿಗಳನ್ನು ಮತ್ತೆ ಕಟ್ಟಿ ಹೆಸರಿನ ಕೊನೆಗೆ ಟಿ64 ಅಂತ ಬಾಲ ಅಂಟಿಸಿದವು. 64 ಬಿಟ್ ಯಂತ್ರಕ್ಕೆ ಅದರಿಂದ ಏನೂ ಆಗಬೇಕಿಲ್ಲ, ಆದರೂ ಹೆಸರು ಬದಲಾಯಿತು. ತಮಾಷೆ ನೋಡಿ, ಲಿಬ್‌ಫ್ಯೂಸ್2 ಬೇಕು ಅಂದರೆ ಎಪಿಟಿ ತಾನೇ ಅರ್ಥ ಮಾಡಿಕೊಂಡು ಟಿ64 ಇರುವುದನ್ನು ತಂದುಕೊಡುತ್ತದೆ. ಲಿಬ್‌ಎಸೌಂಡ್2 ಬೇಕು ಅಂದರೆ ಕೈ ಎತ್ತುತ್ತದೆ, ಯಾಕೆಂದರೆ ಆ ಹೆಸರನ್ನು ಕೊಡುವವರು ಈಗ ಇಬ್ಬರಿದ್ದಾರೆ, ಯಾರನ್ನು ಕರೆಯಲಿ ಅಂತ ಅದಕ್ಕೆ ಗೊತ್ತಿಲ್ಲ. ಈ ಎರಡು ಹೆಸರನ್ನು ನಾನು ಯಾಕೆ ಕೈಯಲ್ಲಿ ಬರೆದಿದ್ದೆ ಅನ್ನುವುದೇ ನಿಜವಾದ ಪ್ರಶ್ನೆ. ಬ್ಲಾಕು ಜೋಡಿಸಿ ಪ್ರೋಗ್ರಾಂ ಕಲಿಸುವ ಒಂದು ಆಪ್‌ಇಮೇಜ್‌ಗಾಗಿ, ಅಂದರೆ ಇನ್‌ಸ್ಟಾಲ್ ಮಾಡದೆ ಓಡುವ ಒಂದೇ ಕಡತದ ತಂತ್ರಾಂಶಕ್ಕಾಗಿ. ಮಜಾ ಅಂದರೆ ಲೈಬ್ರರಿ ಸರಿ ಮಾಡಿದ ಮೇಲೂ ಅದು ತೆರೆಯಲಿಲ್ಲ. 24.04ರಲ್ಲಿ ಸಾಮಾನ್ಯ ಪ್ರೋಗ್ರಾಮುಗಳು ತಮಗೆ ತಾವೇ ಯೂಸರ್ ನೇಮ್‌ಸ್ಪೇಸ್ (ಒಂದು ಬಗೆಯ ಪ್ರತ್ಯೇಕ ಕೋಣೆ) ಮಾಡಿಕೊಳ್ಳುವುದನ್ನು ಆಪ್‌ಆರ್ಮರ್ ಅನ್ನುವ ಕಾವಲು ತಡೆಯುತ್ತದೆ, ಈ ತಂತ್ರಾಂಶದ ಹಾಗೆ ಎಲೆಕ್ಟ್ರಾನ್‌ನಲ್ಲಿ ಕಟ್ಟಿದವು ಅದಿಲ್ಲದೆ ಏಳುವುದಿಲ್ಲ. ಹುಡುಕಿದರೆ ಎಲ್ಲರೂ ಆ ತಡೆಯನ್ನೇ ಪೂರ್ತಿ ಆಫ್ ಮಾಡು ಅನ್ನುತ್ತಾರೆ. ಒಂದು ಆಟಕ್ಕಾಗಿ ಮನೆಯ ಚಿಲಕ ಕಿತ್ತು ಇಡುವುದಾ? ಆ ಒಂದೇ ಕಡತಕ್ಕೆ ಅನುಮತಿ ಕೊಡುವ ಐದು ಸಾಲಿನ ಪ್ರೊಫೈಲ್ ಬರೆದು ನಮ್ಮ ಪ್ಯಾಕೇಜಿನಲ್ಲಿ ಸೇರಿಸಿದೆ.

ಮೂರನೆಯದು ಇನ್‌ಸ್ಟಾಲರ್. ಇದರಲ್ಲಿ ನಿಜವಾಗಿ ಅಳು ಬಂತು. ಹಳೇ ಇನ್‌ಸ್ಟಾಲರ್ ಯುಬಿಕ್ವಿಟಿಯ ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಟ್ಟಿದ್ದ 70 ಸಾಲಿನ ಪ್ರೀಸೀಡ್ ಕಡತ, ಭಾಷೆ ಕನ್ನಡ, ಸಮಯ ಕೋಲ್ಕತ್ತಾ, ಡಿಸ್ಕು ಹೀಗೆ ಹಂಚು ಅನ್ನುವುದೆಲ್ಲ ಇದ್ದದ್ದು, ಕಸದ ಬುಟ್ಟಿಗೆ. ಹೊಸ ಇನ್‌ಸ್ಟಾಲರಿಗೆ ಆಟೊಇನ್‌ಸ್ಟಾಲ್ ಅನ್ನುವ ಯಾಮಲ್ ಕಡತ ಬೇಕು, ಅದರಲ್ಲಿ ಒಂದು ಖಾಲಿ ಜಾಗ ಹೆಚ್ಚುಕಮ್ಮಿಯಾದರೂ ಕೆಲಸ ಕೆಟ್ಟಿತು. ಐಎಸ್‌ಒ ಒಳಗೂ ಒಂದೇ ಸ್ಕ್ವಾಶ್‌ಎಫ್‌ಎಸ್ ಬದಲು ಒಂದರ ಮೇಲೊಂದು ಪದರ, ಮಿನಿಮಲ್, ಅದರ ಮೇಲೆ ಸ್ಟ್ಯಾಂಡರ್ಡ್, ಅದರ ಮೇಲೆ ಲೈವ್. ಯಾವ ಪದರಕ್ಕೆ ನಮ್ಮ ಪ್ಯಾಕೇಜು ಸೇರಿಸಬೇಕು? ಲೈವ್ ಪದರಕ್ಕೆ ಸೇರಿಸಿದೆ. ಪೆನ್‌ಡ್ರೈವಿನಿಂದ ಓಡಿಸಿದಾಗ ಎಲ್ಲ ಚಂದ, ಇನ್‌ಸ್ಟಾಲ್ ಆದ ಮೇಲೆ ನಮ್ಮದು ಒಂದೂ ಇಲ್ಲ. ಆ ಪದರ ಡಿಸ್ಕಿಗೆ ಹೋಗುವುದೇ ಇಲ್ಲ.

ಮೂರು ವಾರ ಒದ್ದಾಡಿದ ಮೇಲೆ ಒಂದು ರಾತ್ರಿ ಹೊಳೆಯಿತು. ಪದರ ಬಿಚ್ಚಿ ಕಟ್ಟುವುದೇ ಯಾಕೆ? ತಾಯಿಯ ಪದರಗಳನ್ನು ಮುಟ್ಟದೆ ಹಾಗೇ ಬಿಟ್ಟು, ನಮ್ಮ ಎರಡು ಪ್ಯಾಕೇಜು ಮತ್ತು ಅವಕ್ಕೆ ಬೇಕಾದ ಡೆಬ್‌ಗಳನ್ನೆಲ್ಲ ಐಎಸ್‌ಒದಲ್ಲಿ ಒಂದು ಫೋಲ್ಡರಿನಲ್ಲಿಟ್ಟು, ಇನ್‌ಸ್ಟಾಲ್ ಮುಗಿಯುವ ಹೊತ್ತಿಗೆ ಅವನ್ನು ಹಾಕು ಅಂತ ಯಾಮಲ್ ಕಡತದಲ್ಲೇ ಹೇಳಿದರೆ ಆಯಿತು. ಒಂದೊಂದು ಯಂತ್ರಕ್ಕೆ ಹದಿನೈದು ನಿಮಿಷ ಹೆಚ್ಚು ಹಿಡಿಯುತ್ತದೆ. ಹಿಡಿಯಲಿ. ಅಷ್ಟರಲ್ಲಿ ಟೀ ಕುಡಿಯಬಹುದು. ಡಿಸ್ಕು ಅಳಿಸುವ ಮುಂಚೆ ಒಂದು ಸಲ ಕೇಳು ಅನ್ನುವುದನ್ನು ಮಾತ್ರ ಬೇಕೆಂದೇ ಉಳಿಸಿದ್ದೇನೆ, ಯಾಕೆಂದರೆ ಈ ಪೆನ್‌ಡ್ರೈವ್ ಮಕ್ಕಳ ಕೈಗೆ ಸಿಗುವ ಮೇಜಿನ ಡ್ರಾಯರಿನಲ್ಲಿ ಇರುತ್ತದೆ.

ಈಗ ಎಲ್‌ಟಿಎಸ್ ಬರುವವರೆಗೆ ಕಾಯುವುದಿಲ್ಲ. ಆರು ತಿಂಗಳಿಗೊಮ್ಮೆ ಬರುವ ಮಧ್ಯದ ಆವೃತ್ತಿಗಳಲ್ಲೂ ಒಂದು ವರ್ಚುವಲ್ ಯಂತ್ರದಲ್ಲಿ ಕಟ್ಟಿ ನೋಡುತ್ತೇನೆ. ಶಾಲೆಗೆ ಕೊಡುವುದಿಲ್ಲ, ಏನು ಮುರಿಯುತ್ತದೆ ಅಂತ ಬರೆದಿಡುತ್ತೇನೆ ಅಷ್ಟೇ. 25.10 ಬಂದಾಗ ದಿನನಿತ್ಯದ ಆಜ್ಞೆಗಳ ಕಟ್ಟಾದ ಕೋರ್‌ಯುಟಿಲ್ಸ್, ರಸ್ಟ್ ಅನ್ನುವ ಪ್ರೋಗ್ರಾಂ ಭಾಷೆಯಲ್ಲಿ ಹೊಸದಾಗಿ ಬರೆದದ್ದಾಗಿತ್ತು, ಮೇಲ್ವಿಚಾರಕನ ಅಧಿಕಾರ ಕೊಡುವ ಸುಡೊ ಕೂಡ. ಹೊಸ ಕೋರ್‌ಯುಟಿಲ್ಸಿನ ಡೇಟ್ ಆಜ್ಞೆಯ ಒಂದು ಆಯ್ಕೆ ಸರಿಯಾಗಿ ಕೆಲಸ ಮಾಡದೆ ತಾನಾಗಿ ಅಪ್‌ಡೇಟ್ ಹುಡುಕುವುದೇ ಕೆಲ ದಿನ ನಿಂತಿತ್ತು, ಆಮೇಲೆ ಸರಿಯಾಯಿತು. ನಮ್ಮ ಕಡೆಯಿಂದ ಮುರಿದದ್ದು ಮೂರು. ಎರಡು ನನ್ನದೇ ಸ್ಕ್ರಿಪ್ಟು, ಒಂದು ಫಾಂಟ್ ಪ್ಯಾಕೇಜಿನ ಹೆಸರು. ಒಂದು ಸಂಜೆಯ ಕೆಲಸ. ಮ್ಯಾನಿಫೆಸ್ಟ್ ಡಿಫ್ ಈಗ 58ಕ್ಕೆ ಬಂದಿದೆ, ಅದರಲ್ಲಿ ಹೆಚ್ಚಿನದು ಎಡುಬುಂಟುವಿನ ಪಟ್ಟಿಯಿಂದ ಬಂದದ್ದು.

2026ರ ಏಪ್ರಿಲಿಗೆ 26.04. ಅದನ್ನು ಜೂನಿನಲ್ಲಿ ಶಾಲೆ ಶುರುವಾಗುವ ಮುಂಚೆ ಹಾಕುತ್ತೀನಿ ಅಂತ ಮೇಡಂಗೆ ಹೇಳಿದೆ. ಪಕ್ಕದಲ್ಲೇ ಕನ್ನಡ ಮೇಷ್ಟ್ರು ಕೂತಿದ್ದರಂತೆ, ಫೋನ್ ಕಸಿದುಕೊಂಡು ಕೇಳಿದರು. "ಇಲಿ ಬರುತ್ತೆ ತಾನೇ?"

ಬರುತ್ತೆ ಸಾರ್, ಮೊದಲು ಅದನ್ನೇ ನೋಡ್ತೀನಿ ಅಂದೆ.